ಊರಿಗೆ ಉಪಕಾರ, ಮನೆಗೆ ಕಾವಲು
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ದಿನದ ದುಡಿಮೆ ಮುಗಿಸಿ, ಊಟಕ್ಕೆ ಮುಂಚೆ ಒಂದು ಗಳಿಗೆ ಪತ್ರಿಕೆ ನೋಡಲೆಂದು ಇಲ್ಲಿ ಸೇರುವವರು ನಾವು. ನಮ್ಮಲ್ಲಿ ಬಹುಮಂದಿಗೆ ಎರಡು ಮನೆ. ತುಂಬದಲ್ಲೊಂದು ಬಾಡಿಗೆ ಕೋಣೆ, ಊರಿನಲ್ಲೊಂದು ಹಿರಿಯರ ಮನೆ. ಒಂದೇ ಸಂಬಳ ಎರಡು ಕಡೆಗೂ ಎಟುಕಬೇಕು. ಆದಕಾರಣ ಇಂದಿನ ವಿಷಯ ನಮಗೆ ತೀರ ಹೊರಗಿನದಲ್ಲ. ದೇಶವೊಂದು ತನ್ನ ಸೈನ್ಯವನ್ನು ಕಡಲಾಚೆಗೆ ಕಳುಹಿಸಿದರೆ ಮನೆಯ ಕಾವಲು ತೆಳುವಾಗುವುದೇ ಎಂಬುದು ಪ್ರಶ್ನೆ.

1963ರ ನವೆಂಬರ್ 21ರಂದು ನಮ್ಮ ಈ ತುಂಬದ ಮರಳಿನಿಂದ ಮೊದಲ ರಾಕೆಟ್ ಹಾರಿತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 1962ರ ನವೆಂಬರ್ 21ರಂದು, ಚೀನಾ ಕದನವಿರಾಮ ಸಾರಿತ್ತು. ಆ ಸೋಲಿನ ತಿಂಗಳಲ್ಲಿ ನಮ್ಮ ಸೇನೆಯ ಒಂದು ಇಡೀ ಬ್ರಿಗೇಡ್ ಎಲ್ಲಿತ್ತೆಂದು ಬಲ್ಲಿರಾ? ಆಫ್ರಿಕದ ಕಾಂಗೋದಲ್ಲಿ. 1961ರಲ್ಲಿ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಹೋದ 99ನೆಯ ಬ್ರಿಗೇಡ್ 1963ರ ಜನವರಿಯಲ್ಲಿಯೂ ಕಟಾಂಗದಲ್ಲಿ ಕೆಲಸದಲ್ಲಿತ್ತು. ಅಲ್ಲಿ ನಮ್ಮವರು 39 ಮಂದಿ ಪ್ರಾಣ ಕೊಟ್ಟರು. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರಚಕ್ರ ಸಂದಿತು.

ಹಾಗಾದರೆ 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ನಮಗೇ ಅನ್ವಯಿಸಿತೆನ್ನೋಣವೇ? ಆತುರಪಡಬಾರದು. 1962ರಲ್ಲಿ ನಾವು ಸೋತದ್ದು ಒಂದು ಬ್ರಿಗೇಡಿನ ಕೊರತೆಯಿಂದಲ್ಲ. ಗಡಿಗೆ ರಸ್ತೆಯಿರಲಿಲ್ಲ, ಹಿಮಕ್ಕೆ ತಕ್ಕ ಬಟ್ಟೆ ಸಾಲದಾಗಿತ್ತು, ಕೈಯಲ್ಲಿದ್ದ ಬಂದೂಕು ಹಳೆಯ ಕಾಲದ್ದು. ಕಾಂಗೋದ ಐದು ಸಾವಿರ ಮಂದಿ ಅಲ್ಲಿದ್ದಿದ್ದರೂ ಅದೇ ಬಟ್ಟೆ, ಅದೇ ಬಂದೂಕು. ತಪ್ಪು ಮನೆಯದಾಗಿದ್ದಾಗ ಹೊರಗಿನ ಉಪಕಾರವನ್ನು ದೂರುವುದು ನ್ಯಾಯವಲ್ಲ.

ಆದರೆ ಎಲ್ಲ ಸಂದರ್ಭವೂ ಹೀಗಲ್ಲ. 1987ರ ಜುಲೈ 29ರ ಒಪ್ಪಂದದಂತೆ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋಯಿತು. ಹೋದದ್ದು ಒಂದು ಡಿವಿಜನ್. ಅಕ್ಟೋಬರಿನಲ್ಲಿ ಕಾದಾಟ ಹತ್ತಿಕೊಂಡ ಮೇಲೆ ಅದು ನಾಲ್ಕಾಯಿತು. ಎಪ್ಪತ್ತು ಸಾವಿರಕ್ಕೂ ಮೀರಿದ ಸೈನ್ಯ. ಈಶಾನ್ಯದ ಬೆಟ್ಟಗಾಡಿನಲ್ಲಿದ್ದ 57ನೆಯ ಪರ್ವತ ಡಿವಿಜನ್ನನ್ನೂ ಎಬ್ಬಿಸಿ ತರಬೇಕಾಯಿತು. ಅದೇ ವರ್ಷಗಳಲ್ಲಿ ಪಂಜಾಬ್ ಉರಿಯುತ್ತಿತ್ತು. 1989ರ ಕೊನೆಗೆ ಕಾಶ್ಮೀರವೂ ಹೊತ್ತಿಕೊಂಡಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಿಂದಿರುಗುವ ವೇಳೆಗೆ ಸುಮಾರು 1,200 ಯೋಧರು ಮಡಿದಿದ್ದರು. ಎಳೆತವೆಂದರೆ ಇದು. ಹೋಗುವಾಗ ಕೆಲಸವೊಂದು, ಹೋದ ಮೇಲೆ ಕೆಲಸ ಬೇರೊಂದು, ಬರುವ ದಿನ ಯಾವುದೆಂದು ಬಲ್ಲವರಿಲ್ಲ.

ಇಲ್ಲಿ ಪಾಳಿಯ ಲೆಕ್ಕವನ್ನು ನೆನೆಯಬೇಕು. ಹಗಲಿರುಳು ನಡೆಯುವ ಯಂತ್ರಕ್ಕೆ ಒಬ್ಬ ಕೆಲಸಗಾರ ಸಾಲನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೈನ್ಯಕ್ಕೂ ಅದೇ ಲೆಕ್ಕ. ಹೊರಗೆ ಒಂದು ಬ್ರಿಗೇಡ್ ನಿಲ್ಲಬೇಕಾದರೆ, ಈಚೆಗೆ ಬಂದು ದಣಿವಾರಿಸಿಕೊಳ್ಳುವುದೊಂದು, ಮುಂದೆ ಹೋಗಲು ಅಣಿಯಾಗುವುದೊಂದು, ಹೀಗೆ ಮೂರು ಬೇಕು. ಕಾಗದದ ಮೇಲೆ ಒಂದೆಂದು ಬರೆದದ್ದು ಮನೆಯ ಬಲದಲ್ಲಿ ಮೂರರಷ್ಟು ತಿನ್ನುತ್ತದೆ.

ಇನ್ನೊಂದು ಮಾತು. ಎಳೆತ ಯಾವಾಗಲೂ ತಲೆಯೆಣಿಕೆಯಲ್ಲಿ ಕಾಣುವುದಿಲ್ಲ. ನಮ್ಮ ಸೇನೆಯಲ್ಲಿ ಹನ್ನೆರಡು ಲಕ್ಷದಷ್ಟು ಜನರಿದ್ದಾರೆ. ಈಚಿನ ವರ್ಷಗಳಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟವರು ಐದು ಸಾವಿರದ ಆಸುಪಾಸು. ಸಮುದ್ರದಿಂದ ಒಂದು ಬೊಗಸೆ. ಆದರೂ 2011ರಲ್ಲಿ ಭಾರತ ಕಾಂಗೋದಿಂದ ತನ್ನ ದಾಳಿ ಹೆಲಿಕಾಪ್ಟರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆಳುಗಳಿಗೆ ಕೊರತೆಯಿಲ್ಲದ ಕಡೆ ಯಂತ್ರಕ್ಕೆ, ನುರಿತ ಚಾಲಕನಿಗೆ ಕೊರತೆಯಿರಬಹುದು. ಸರಪಳಿ ತುಂಡಾಗುವುದು ತೆಳ್ಳಗಿನ ಕೊಂಡಿಯಲ್ಲಿ.

ದೊಡ್ಡ ಸಾಮ್ರಾಜ್ಯಗಳಿಗೂ ಇದು ತಪ್ಪಲಿಲ್ಲ. 1967ರಲ್ಲಿ ಪೌಂಡಿನ ಬೆಲೆ ಇಳಿಸಬೇಕಾದಾಗ ಬ್ರಿಟನ್ ತನ್ನ ಹಾಸಿಗೆಯನ್ನು ಅಳೆದುಕೊಂಡಿತು. 1968ರ ಜನವರಿಯಲ್ಲಿ, ಸಿಂಗಪುರವೇ ಮೊದಲಾದ ಸೂಯೆಜ್ ಆಚೆಯ ನೆಲೆಗಳಿಂದ 1971ರ ಕೊನೆಯೊಳಗೆ ಹಿಂದೆಗೆಯುವುದಾಗಿ ಸಾರಿತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಅರಸರೂ ಕಲಿಯಬೇಕಾಯಿತು.

ಹಾಗೆಂದು ಬಾಗಿಲು ಮುಚ್ಚಿ ಕುಳಿತುಕೊಳ್ಳೋಣವೆಂದು ನಾವು ಹೇಳುವುದಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆಯಿರಿ. 1953ರಲ್ಲಿ ಕೊರಿಯದಲ್ಲಿ ಊರಿಗೆ ಮರಳಲೊಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ಆಯೋಗಕ್ಕೆ ಅವರೇ ಅಧ್ಯಕ್ಷರು. ನಮ್ಮ ಸೈನಿಕರು ಆ ಕೈದಿಗಳನ್ನು ಕಾದರು. ಕೆಲಸ ಇಂಥದೆಂದು ಗೊತ್ತಿತ್ತು, ಗಡುವೂ ಗೊತ್ತಿತ್ತು. 1954ರಲ್ಲಿ ಮುಗಿಸಿ ಬಂದರು. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸಿ, 1965ರ ಡಿಸೆಂಬರ್ 18ರಂದು ಆ ಹೊಣೆಯಲ್ಲಿರುವಾಗಲೇ ತೀರಿಕೊಂಡರು. ಹೊರನಾಡಿನ ಸೇವೆ ದೇಶಕ್ಕೆ ಗೌರವ ತರಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಸೈನ್ಯ ಹಡಗು ಹತ್ತುವ ಮುಂಚೆ ಪ್ರಜೆಗಳಾದ ನಾವು ಮೂರು ಪ್ರಶ್ನೆ ಕೇಳಬೇಕು. ಮಾಡಬೇಕಾದ ಕೆಲಸ ಏನು? ಮರಳುವ ದಿನ ಯಾವುದು? ಅವರು ಬಿಟ್ಟುಹೋದ ಜಾಗದಲ್ಲಿ ನಿಲ್ಲುವವರು ಯಾರು? ಊರಿಗೆ ಹಣ ಕಳುಹಿಸುವ ಮುಂಚೆ ಬಾಡಿಗೆಯ ಲೆಕ್ಕ ಹಾಕುವ ನಮಗೆ ಈ ಪ್ರಶ್ನೆ ಕೇಳುವ ಯೋಗ್ಯತೆಯಿಲ್ಲವೆಂದು ಯಾರೂ ಹೇಳಲಾರರು. ಹೋಗುವ ಹುಡುಗರು ನಮ್ಮಂಥವರ ಮನೆಯವರೇ ಅಲ್ಲವೇ?