ಗುಣವಾಗಿ ಮನೆಗೆ ಬಂದ ಕಾವೇರಿ
(ಶಹಾಡಿನಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಹುಚ್ಚು, ದೆವ್ವಗಳ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಕನ್ನಡ ಚಿತ್ರಗಳ ಹಿರಿಮೆಯನ್ನು ಹೇಳಹೊರಟವರು ‘ಶರಪಂಜರ’ವನ್ನು ಬಿಟ್ಟು ಹೇಳುವುದೆಂತು? ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಬರೆದ ಕಾದಂಬರಿ ಅದು. 1963ರಲ್ಲಿಯೇ ತೀರಿಕೊಂಡ ಅವರಿಗೆ ಚಿತ್ರವನ್ನು ನೋಡುವ ಭಾಗ್ಯವಿರಲಿಲ್ಲ. ಪುಟ್ಟಣ್ಣ ಕಣಗಾಲರು ತೆರೆಗೆ ತಂದರು; ಕಲ್ಪನಾ ಕಾವೇರಿಯಾದರು.

ಬಾಣಂತನದಲ್ಲಿ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಬೇರೆಯವರಾದರೆ ಕಥೆಯನ್ನು ಇಲ್ಲಿಗೆ ಮುಗಿಸಿ ಮಂಗಳ ಹಾಡುತ್ತಿದ್ದರು. ಇಲ್ಲಿ ಸಂಕಟ ಶುರುವಾಗುವುದೇ ಆಮೇಲೆ. ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಗಂಡನ ಮನಸ್ಸು ಬೇರೊಬ್ಬಳಲ್ಲಿ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸಲು ದೆವ್ವ ಬೇಕಾಗಲಿಲ್ಲ.

2004ರ ‘ಆಪ್ತಮಿತ್ರ’ದಲ್ಲಿ ದೆವ್ವದ ಮಾತೇ ಮುಂದೆ. ಗಂಗೆಯಲ್ಲಿ ನಾಗವಲ್ಲಿ ಹೊಕ್ಕಳೆಂದು ಭಯ. ಮನೋವೈದ್ಯನಿಗೆ ಕಾಣುವುದು ಕಾಯಿಲೆ. ಅಲ್ಲಿ ಆಚಾರ್ಯರೂ ವೈದ್ಯನೂ ಕೈಜೋಡಿಸುವುದು ನಮಗೆ ಮೆಚ್ಚುಗೆ. ಒಂದೇ ರಾತ್ರಿಯಲ್ಲಿ ಗುಣವಾಗುವುದು ಮಾತ್ರ ಸಿನಿಮಾದ ಔಷಧ, ಅಂಗಡಿಯಲ್ಲಿ ಸಿಗದು!

ಇನ್ನು ನಮ್ಮ ಮನೆಗಳ ಮಾತು. ಒಂದು ಕೋಣೆ, ಗೋಡೆಯಾಚೆ ಪಕ್ಕದವರ ಕಿವಿ. ಸೊಸೆ ನಿದ್ದೆಗೆಟ್ಟು ತನ್ನಷ್ಟಕ್ಕೆ ಮಾತಾಡತೊಡಗಿದರೆ ಊರಿನ ಹಿರಿಯರು ಗಾಣಗಾಪುರದ ಹೆಸರು ಹೇಳುತ್ತಾರೆ. ಕಲ್ಯಾಣದಲ್ಲಿ ರೈಲು ಹತ್ತಿದರಾಯಿತು. ದತ್ತನ ದರ್ಶನಕ್ಕೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ತಮಿಳುನಾಡಿನ ಗುಡಿಯೊಂದರಲ್ಲಿ ತಂಗಿದ್ದ 31 ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಆರು ವಾರಗಳಲ್ಲಿ ರೋಗಲಕ್ಷಣಗಳು ತಕ್ಕಮಟ್ಟಿಗೆ ಇಳಿದಿದ್ದವು. ಬೆದರಿಕೆಯಿಲ್ಲದ ಆಸರೆಯೇ ಅದಕ್ಕೆ ಕಾರಣವಿರಬೇಕೆಂದು ಅವರ ಅಭಿಪ್ರಾಯ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟಿನಲ್ಲಿ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು.

ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಮಹಾರಾಷ್ಟ್ರದ 2013ರ ಕಾಯಿದೆಯಂತೆ ಅಪರಾಧ. ಪೂಜೆ, ಪ್ರದಕ್ಷಿಣೆಗಳಿಗೆ ಅಡ್ಡಿಯಿಲ್ಲ. ಪ್ರಸಾದದ ಜೊತೆಗೆ ಗುಳಿಗೆಯನ್ನೂ ಕೊಡಿರಿ. ಹರಕೆ ಹೊತ್ತೆವೆಂದು ಅದನ್ನು ನಿಲ್ಲಿಸಬೇಡಿರಿ. ಗುಣವಾಗಿ ಬಂದವಳನ್ನು ಅರಿಶಿನ-ಕುಂಕುಮಕ್ಕೆ ಎಲ್ಲರಂತೆ ಕರೆಯಿರಿ.

ಠಾಣೆಯ ಮಾನಸಿಕ ಆಸ್ಪತ್ರೆಗೆ ಶಹಾಡಿನಿಂದ ಲೋಕಲ್ ಗಾಡಿಯಲ್ಲಿಯೇ ಹೋಗಬಹುದು. ಸರಕಾರದ ‘ಟೆಲಿ ಮಾನಸ್’ ದೂರವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಸಂಖ್ಯೆ 14416, ಬರೆದುಕೊಳ್ಳಿರಿ.