ಅಲಸಂಡೆ ಬಳ್ಳಿಯೂ ಕಾಲುಬಾಯಿ ಜ್ವರವೂ

(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಹಟ್ಟಿಗೆ ಕಾಲುಬಾಯಿ ಜ್ವರ ಹೊಕ್ಕರೆ ಏನಾಗುತ್ತದೆಂದು ಮುಂಡಾಜೆಯವರಿಗೆ ಹೇಳಬೇಕಾಗಿಲ್ಲ. ಬಾಯಲ್ಲಿ ಹುಣ್ಣು, ಗೊರಸಿನಲ್ಲಿ ಹುಣ್ಣು, ಹಾಲು ಬತ್ತಿತು. 2013ರಲ್ಲಿ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಸಾವಿರಾರು ದನಗಳು ಸತ್ತವು. ಇದಕ್ಕೆ ಕಾರಣ ಒಂದು ವೈರಸ್. ಈಗಿನ ಲಸಿಕೆಗೆ ಆ ವೈರಸ್ಸನ್ನೇ ಕಾರ್ಖಾನೆಯಲ್ಲಿ ಬೆಳೆಸಿ, ಕೊಂದು, ಚುಚ್ಚುತ್ತಾರೆ. ಜೀವಂತ ವೈರಸ್ ಹೊರಗೆ ಬಾರದಂತೆ ಭಾರೀ ಕಾವಲು ಬೇಕು.

ಲಸಿಕೆಯ ಪ್ರೊಟೀನನ್ನು ಗಿಡದಲ್ಲೇ ಬೆಳೆಸಿದರೆ ಹೇಗೆ? ಈ ಪ್ರಯತ್ನಕ್ಕೆ ಸಿಕ್ಕಿದ್ದು ಅಲಸಂಡೆ. ಅದರ ಎಲೆಗೆ ಮಚ್ಚೆ ತರುವ ಒಂದು ವೈರಸ್ ಉಂಟು. ಅದರಿಂದ ದನಕ್ಕಾಗಲಿ ಮನುಷ್ಯರಿಗಾಗಲಿ ರೋಗ ಬರುವುದಿಲ್ಲ. 1993ರಲ್ಲಿ ಆರ್. ಉಷಾ, ಇಂಗ್ಲೆಂಡಿನ ಜಾರ್ಜ್ ಲೊಮೊನೊಸೊಫ್ ಮೊದಲಾದ ವಿಜ್ಞಾನಿಗಳು ಆ ವೈರಸ್ಸಿನ ಹೊದಿಕೆಗೆ ಕಾಲುಬಾಯಿ ವೈರಸ್ಸಿನ ಒಂದು ಸಣ್ಣ ತುಂಡನ್ನು ಕೂಡಿಸಿದರು. ತುಂಡಿನಿಂದ ರೋಗ ಬಾರದು. ಆದರೆ ಅದನ್ನು ಕಂಡು ದನದ ಮೈ ನಿಜವಾದ ವೈರಿಯ ಗುರುತು ಹಿಡಿಯಬೇಕು, ಇದು ಲೆಕ್ಕಾಚಾರ. ಒಂದೊಂದು ಕಣದ ಹೊದಿಕೆಯಲ್ಲಿ ಇಂಥ 60 ತುಂಡುಗಳಿಗೆ ಜಾಗ. ಎಲೆಗೆ ಉಜ್ಜಿದರೆ ಸಾಕು, ಮತ್ತೆ ಗಿಡದೊಳಗೆ ವೈರಸ್ ತಾನಾಗಿ ಹೆಚ್ಚುತ್ತದೆ. ಎಲೆ ಅರೆದು, ಶುದ್ಧ ಮಾಡಿ ತೆಗೆಯುವುದು.

ತೊಡಕೂ ಬಂತು. ಗಿಡದಿಂದ ಗಿಡಕ್ಕೆ ದಾಟಿಸುವಾಗ ವೈರಸ್ ಆ ತುಂಡನ್ನು ಕಳಚಿ ಹಾಕಿ ಮೊದಲಿನಂತೆಯೇ ಆಯಿತು. ಮುಂದೆ ಜೋಡಣೆಯನ್ನು ಸರಿಪಡಿಸಿದರು. 1997ರಲ್ಲಿ ಅದೇ ಅಲಸಂಡೆ ವೈರಸ್ಸಿನಿಂದ ಮಾಡಿದ ಬೇರೊಂದು ಲಸಿಕೆ ಮಿಂಕ್ ಎಂಬ ಪ್ರಾಣಿಗಳನ್ನು ಅವುಗಳ ಕರುಳು ರೋಗದಿಂದ ಕಾಪಾಡಿತು.

ಹಾಗಾದರೆ ದನಕ್ಕೆ ಅಲಸಂಡೆ ಬಳ್ಳಿ ಹಾಕಿದರೆ ಲಸಿಕೆ ಆಯಿತಲ್ಲ ಎಂದು ಯಾರೂ ತಿಳಿಯಬಾರದು. ನಮ್ಮ ತೋಟದ ಬಳ್ಳಿಯಲ್ಲಿ ಅಂಥದ್ದು ಏನೂ ಇಲ್ಲ. ಕಾಲುಬಾಯಿಗೆ ಗಿಡದ ಲಸಿಕೆ ನಮ್ಮ ಹಟ್ಟಿಯ ವರೆಗೆ ಇನ್ನೂ ಬಂದಿಲ್ಲ. ನಮಗೆ ಇರುವುದು ಸರಕಾರದ ಚುಚ್ಚುಮದ್ದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಆರು ತಿಂಗಳಿಗೊಮ್ಮೆ, ಉಚಿತ.

ಆದರೂ ಎರಡು ದಿನ ಹಾಲು ಕಡಿಮೆಯಾಗುತ್ತದೆಂದು, ಲಸಿಕೆಯವರು ಬರುವ ದಿನ ದನಗಳನ್ನು ಗುಡ್ಡೆಗೆ ಅಟ್ಟುವವರಿದ್ದಾರೆ. ನಾವೂ ಒಮ್ಮೆ ಹಾಗೆ ಮಾಡಿದವರೇ. ಆ ಸಲ ನಮ್ಮ ಕರು ಹೋಯಿತು. ಅಷ್ಟೇ ಅಲ್ಲ, ನೆರೆಮನೆಯ ಹಟ್ಟಿಗೂ ಜ್ವರ ಹಬ್ಬಿತು. ಅವರು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಇವತ್ತಿಗೂ ಚುಚ್ಚುತ್ತದೆ.

ಸಹಕಾರ ಎಂದರೆ ಸಾಲ, ಗೊಬ್ಬರ ಮಾತ್ರವಲ್ಲ. ವಿಜ್ಞಾನಿಗಳು ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಕುತ್ತಿದ್ದಾರೆ, ಹುಡುಕಲಿ. ಅಲ್ಲಿವರೆಗೆ ಒಂದು ದನವನ್ನೂ ಬಿಡದೆ ಲಸಿಕೆ ಹಾಕಿಸುವುದು ನಮ್ಮ ಪಾಲಿನ ಕೆಲಸ.