ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ

(ಬೆಳಗಾವಿಯ ರಾಮತೀರ್ಥ ನಗರದಲ್ಲಿ, ಸುತ್ತಲಿನ ಹಳ್ಳಿಗಳಿಂದ ಬಂದಿದ್ದ ರೈತರ ಮುಂದೆ ಮಾಡಿದ ಭಾಷಣ)



ಮುಂಗಾರಿನ ಮಾತನ್ನೋ ಗೊಬ್ಬರದ ಮಾತನ್ನೋ ಕೇಳಬೇಕೆಂದು ಬಂದಿರುವ ನಿಮ್ಮ ಮುಂದೆ ನಾನು ಕಂಪ್ಯೂಟರಿನ ಮಾತು ತೆಗೆದರೆ, ಇವನಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಆದರೆ ಕಂಪ್ಯೂಟರು ಈಗ ಪಟ್ಟಣದವರ ವಸ್ತುವಾಗಿ ಉಳಿದಿಲ್ಲ. 2000ನೆಯ ಇಸವಿಯಲ್ಲಿ ಸರ್ಕಾರವು 'ಭೂಮಿ' ಯೋಜನೆಯನ್ನು ತಂದ ಮೇಲೆ ನಿಮ್ಮ ಹೊಲದ ಉತಾರವು ತಲಾಠಿಯ ದಪ್ತರದಿಂದ ಎದ್ದು ಕಂಪ್ಯೂಟರಿನೊಳಗೆ ಹೋಗಿ ಕೂತಿತು. ಬೆಳೆ ವಿಮೆ, ರೈತರ ನೋಂದಣಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅಲ್ಲಿಯೇ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠ ತಪ್ಪಬಾರದೆಂದು ನಿಮ್ಮಲ್ಲಿ ಕೆಲವರು ಕೈಗಡ ತಂದಾದರೂ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಕೊಂಡಿರಿ. ಅಂಥ ಯಂತ್ರಗಳ ಮಾತನ್ನೇ ಇಂದು ನಾನು ಆಡಬೇಕೆಂದಿದ್ದೇನೆ.

ಆ ಯಂತ್ರಗಳ ಪೈಕಿ ಬಹಳಷ್ಟರಲ್ಲಿ ಇರುವುದು 'ವಿಂಡೋಸ್ 10' ಎಂಬ ವ್ಯವಸ್ಥೆ. ಅದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಸಂರಕ್ಷಣೆಯನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿದವರಿಗೆ ಮಾತ್ರ ಮುಂದೆ ಒಂದು ವರ್ಷದ ಗಡುವನ್ನು ಕೊಟ್ಟಿತು. ಸಂರಕ್ಷಣೆ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಬೇಲಿ ಕಿತ್ತ ಹೊಲದ ಹಾಗೆ. ಬೆಳೆ ನಿಂತೇ ಇರುತ್ತದೆ, ಆದರೆ ಕಳ್ಳನಿಗೂ ದನಕ್ಕೂ ದಾರಿ ತೆರೆದ ಹಾಗಾಗುತ್ತದೆ. ಹಾಗಾದರೆ ಹೊಸದಾದ 'ವಿಂಡೋಸ್ 11' ಹಾಕೋಣವೆಂದರೆ, 2017ಕ್ಕಿಂತ ಹಿಂದೆ ತಯಾರಾದ ಯಂತ್ರಗಳನ್ನು ಅದು ಬಹುಮಟ್ಟಿಗೆ ಒಪ್ಪುವುದೇ ಇಲ್ಲ. ಅಂಗಡಿಗೆ ಹೋದರೆ, "ಇದು ಮುಗಿಯಿತು, ಗುಜರಿಗೆ ಹಾಕಿ ಹೊಸದು ತೊಗೊಳ್ರಿ" ಎನ್ನುತ್ತಾರೆ. ಯಂತ್ರಕ್ಕೆ ರೋಗವಿಲ್ಲ, ಗಾಲಿ ಮುರಿದಿಲ್ಲ. ಆದರೂ ಒಂದು ಹಂಗಾಮಿನ ಕಬ್ಬಿನ ಬಿಲ್ಲಿನಲ್ಲಿ ಒಂದು ಭಾಗ ಅಲ್ಲಿ ಕರಗಬೇಕಂತೆ. ಇದು ಸರಿಯೇ?

ನನ್ನ ಉತ್ತರ, ಸರಿಯಲ್ಲ. ಏಕೆಂಬುದನ್ನು ಹೇಳುತ್ತೇನೆ.

ಎತ್ತಿನ ಗಾಡಿಯನ್ನು ನೆನೆಯಿರಿ. ಗಾಡಿ ಇದೆ, ಎತ್ತು ಇವೆ, ಹೇರಿದ ಮಾಲೂ ಇದೆ. ಆದರೆ ಹಗ್ಗ ಹಿಡಿದು ಮುಂದೆ ಕೂಡುವವನು ಇಲ್ಲದಿದ್ದರೆ ಗಾಡಿ ಕಣದಿಂದ ಹೊರಗೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಹಾಗೆ ಹಗ್ಗ ಹಿಡಿಯುವುದಕ್ಕೆ 'ಆಪರೇಟಿಂಗ್ ಸಿಸ್ಟಮ್' ಎನ್ನುತ್ತಾರೆ. ವಿಂಡೋಸ್ ಅಂಥ ಒಬ್ಬ ಗಾಡಿಯವನು. ಈ ಗಾಡಿಯವನು ಬರುವುದಿಲ್ಲವೆಂದರೆ ಗಾಡಿಯನ್ನೇ ಒಡೆದು ಒಲೆಗೆ ಹಾಕುವ ಒಕ್ಕಲಿಗನು ಯಾರೂ ಇಲ್ಲ, ಬೇರೊಬ್ಬನನ್ನು ಕರೆಯುತ್ತಾನೆ. ಹಾಗೆ ಕರೆಯಬಹುದಾದ ಇನ್ನೊಬ್ಬನ ಹೆಸರು 'ಲಿನಕ್ಸ್'.

ಲಿನಕ್ಸಿಗೆ ಹಣ ಕೊಡಬೇಕಾಗಿಲ್ಲ. ಆದರೆ ಪುಕ್ಕಟೆ ಎಂಬುದು ಅದರ ದೊಡ್ಡ ಗುಣವಲ್ಲ. ದೊಡ್ಡ ಗುಣ ಯಾವುದೆಂಬುದು ನಮ್ಮ ಖಾನಾಪುರ ಕಡೆಯ ಭತ್ತದ ಒಕ್ಕಲಿಗರಿಗೆ ಬೇಗ ತಿಳಿಯುತ್ತದೆ. ಮನೆಯಲ್ಲಿ ಒಳ್ಳೆಯ ತೆನೆ ಆರಿಸಿ ತೆಗೆದಿಟ್ಟ ಬೀಜವನ್ನು ನೀವು ಮುಂದಿನ ವರ್ಷ ಬಿತ್ತುತ್ತೀರಿ. ಬೀಗರು ಕೇಳಿದರೆ ಒಂದು ಸೇರು ಕೊಡುತ್ತೀರಿ. ಅವರು ತಮ್ಮ ಗದ್ದೆಗೆ ಹೊಂದುವಂತೆ ಅದರಲ್ಲಿ ಆರಿಸಿ ಬೆಳೆಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಯಾರ ಅಪ್ಪಣೆಯೂ ಬೇಡ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ಈ ಹಕ್ಕನ್ನು ರೈತನಿಗೆ ಕೊಟ್ಟಿದೆ. ಕಂಪನಿಯ ಹೆಸರು ಹಚ್ಚಿ ಚೀಲದಲ್ಲಿ ಮಾರುವಂತಿಲ್ಲ, ಅಷ್ಟೇ. ಲಿನಕ್ಸ್ ಅಂಥ ಮನೆಯ ಬೀಜ. ಬಳಸಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ನೆರೆಯವನಿಗೆ ಪ್ರತಿ ಮಾಡಿ ಕೊಡಬಹುದು, ತಿದ್ದಿ ಕೊಡಬಹುದು. ಕರಾರು ಒಂದೇ: ಅದರ ತಿರುಳನ್ನು ತಿದ್ದಿ ಹಂಚುವವನು, ಪಡೆದವರಿಗೂ ಅದೇ ಹಕ್ಕನ್ನು ಕೊಡತಕ್ಕದ್ದು. ವಿಂಡೋಸಿನ ಪ್ರತಿಯನ್ನಾದರೋ ನೆರೆಯವನಿಗೆ ಕೊಟ್ಟರೆ ಅದು ಕಳವು. ನಮ್ಮ ಪೇಟೆಗಳಲ್ಲಿ ಆ ಕಳವು ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ಕದ್ದ ಪ್ರತಿಯೊಂದಿಗೆ ಏನೇನು ರೋಗ ಮನೆ ಹೊಕ್ಕಿತು ಎಂಬುದು ಮಾತ್ರ ಮುಂದೆ ತಿಳಿಯುತ್ತದೆ.

ಈ ಹಂಚಿಕೆಯ ಕರಾರನ್ನು ಬರೆದವನು ಅಮೆರಿಕದ ರಿಚರ್ಡ್ ಸ್ಟಾಲ್ಮನ್. 1983ರಲ್ಲಿ ಅವನು ಎಲ್ಲರಿಗೂ ಮುಕ್ತವಾದ ವ್ಯವಸ್ಥೆಯೊಂದನ್ನು ಕಟ್ಟುತ್ತೇನೆಂದು ಸಾರಿ 'ಗ್ನೂ' ಎಂಬ ಕೆಲಸವನ್ನು ಹಿಡಿದನು. ಅದಕ್ಕೆ ಬೇಕಾಗಿದ್ದ ನಡುವಿನ ತಿರುಳನ್ನು ಫಿನ್ಲೆಂಡ್ ದೇಶದ ಲೀನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ 1991ರಲ್ಲಿ ಬರೆದು ಊರಿನವರ ಮುಂದಿಟ್ಟನು. ಆಮೇಲೆ ಲೋಕದ ಸಾವಿರಾರು ಜನ ಅದಕ್ಕೆ ಕೈಗೂಡಿಸಿದರು.

"ಪುಕ್ಕಟೆ ಸಿಕ್ಕಿದ್ದು ಗಟ್ಟಿ ಇರುತ್ತದೆಯೇ?" ಎಂದು ಕೇಳುವುದು ಒಕ್ಕಲಿಗನ ಧರ್ಮವೇ ಸರಿ. ಲೋಕದ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯೊಂದು ಇದೆ. 2017ರ ನವೆಂಬರಿನಿಂದ ಆ ಐನೂರೂ ಲಿನಕ್ಸಿನಲ್ಲಿಯೇ ನಡೆಯುತ್ತ ಬಂದಿವೆ. ಅಷ್ಟು ದೂರ ಹೋಗುವುದೇಕೆ? ನಿಮ್ಮ ಅಂಗಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಮಾರುಕಟ್ಟೆಯ ದರ ನೋಡುವಾಗ, ಮಳೆಯ ಸುದ್ದಿ ನೋಡುವಾಗ ನೀವು ಇಷ್ಟು ದಿನ ಅದನ್ನೇ ಬಳಸಿದ್ದೀರಿ.

ಇನ್ನು ಕನ್ನಡದ ಮಕ್ಕಳ ಉದಾಹರಣೆ. ಕಾಸರಗೋಡು ಕೇರಳಕ್ಕೆ ಸೇರಿದ್ದರೂ ಮಂಜೇಶ್ವರ, ಕುಂಬಳೆ ಕಡೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮವಿದೆ. ಕೇರಳದ ಸರ್ಕಾರವು 2001ರಲ್ಲಿ ಶುರು ಮಾಡಿದ ಶಾಲಾ ಕಂಪ್ಯೂಟರ್ ಯೋಜನೆ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿಯ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವೆಲ್ಲ ಲಿನಕ್ಸಿನ ಮೇಲೆಯೇ ನಡೆಯುತ್ತದೆ, ಪಠ್ಯಪುಸ್ತಕವು ಕನ್ನಡದಲ್ಲಿಯೂ ಬರುತ್ತದೆ, ಹತ್ತನೆಯ ಇಯತ್ತೆಯ ಪ್ರಾಯೋಗಿಕ ಪರೀಕ್ಷೆಯನ್ನೂ ಅದರಲ್ಲಿಯೇ ಬರೆಯುತ್ತಾರೆ. ಆ ಮಕ್ಕಳಿಗೆ ಸಾಧ್ಯವಾದದ್ದು ನಮ್ಮವರಿಗೆ ಕಠಿಣವಾಗಲು ಕಾರಣವಿಲ್ಲ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಹೇಳದೆ ಬರೀ ಹೊಗಳಿ ಹೋದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

ಖಾನಾಪುರ ತಾಲೂಕಿನ ನಮ್ಮೂರಲ್ಲಿ ಅಣ್ಣನ ಮನೆಯಲ್ಲಿ ಒಂದು ಕಂಪ್ಯೂಟರು ಇತ್ತು. 2014ರಲ್ಲಿ ಕೊಂಡದ್ದು. ಹಚ್ಚಿದರೆ ಎಮ್ಮೆ ಏಳುವ ಹಾಗೆ ಏಳುತ್ತಿತ್ತು. ಚಹಾ ಕುದಿಸಿ ಕುಡಿದು ಬಂದರೂ ತಯಾರಿರುತ್ತಿರಲಿಲ್ಲ. ಲಿನಕ್ಸ್ ಹಾಕಿ ಕೊಡುತ್ತೇನೆಂದು ನಾನು ಹುರುಪಿನಿಂದ ಹೋದೆ. ನಡುವೆ ಯಂತ್ರವು ಒಂದು ಪ್ರಶ್ನೆ ಕೇಳುತ್ತದೆ: ಹಳೆಯದರ ಪಕ್ಕದಲ್ಲಿ ಇರಲೋ, ಎಲ್ಲವನ್ನೂ ಅಳಿಸಿ ಒಬ್ಬನೇ ಇರಲೋ ಎಂದು. ನಾನು ಮಾತಾಡುತ್ತ ಮಾತಾಡುತ್ತ ಅಳಿಸು ಎಂಬುದನ್ನು ಒತ್ತಿದೆ. ಅಣ್ಣನು ಏಳು ವರ್ಷದ ಗದ್ದೆಯ ಲೆಕ್ಕವನ್ನು ಅದರಲ್ಲಿ ಇಟ್ಟಿದ್ದ. ಅದು ಹೋಯಿತು. ಅವ್ವ ತೀರಿಕೊಳ್ಳುವ ವರ್ಷ ಮೊಮ್ಮಗನು ತೆಗೆದ ಅವಳ ಚಿತ್ರಗಳೂ ಅದರಲ್ಲಿಯೇ ಇದ್ದವೆಂಬುದು ನನಗೆ ಗೊತ್ತಿರಲಿಲ್ಲ. ಅಣ್ಣ ಬಯ್ಯಲಿಲ್ಲ. ಎದ್ದು ದನಕ್ಕೆ ನೀರು ಕುಡಿಸಲು ಹೋದ. ಯಂತ್ರವೇನೋ ಅಂದಿನಿಂದ ಹುಡುಗನ ಹಾಗೆ ನಡೆಯುತ್ತಿದೆ, ಅತ್ತಿಗೆ ಈಗ ಹಾಲಿನ ಲೆಕ್ಕವನ್ನು ಅದರಲ್ಲಿಯೇ ಬರೆಯುತ್ತಾಳೆ. ಆದರೆ ಅವ್ವನ ಚಿತ್ರ ತಿರುಗಿ ಬರಲಿಲ್ಲ.

ಆದುದರಿಂದ ಕೆಲಸದ ಮೊದಲ ಭಾಗ ಲಿನಕ್ಸ್ ಅಲ್ಲವೇ ಅಲ್ಲ. ನಿಮ್ಮ ಚಿತ್ರ, ಲೆಕ್ಕ, ಕಾಗದಪತ್ರಗಳನ್ನೆಲ್ಲ ಬೇರೊಂದು ಪೆನ್ ಡ್ರೈವಿಗೆ ತೆಗೆದಿಟ್ಟು, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಕಣ್ಣಾರೆ ನೋಡಿರಿ. ನೋಡಿದ ಮೇಲೆಯೇ ಮುಂದಿನ ಮಾತು.

ಎರಡನೆಯದಾಗಿ, ಏನನ್ನೂ ಅಳಿಸದೆ ರುಚಿ ನೋಡುವ ದಾರಿ ಇದೆ. ಹೊಸಬರಿಗೆ ನಾನು 'ಲಿನಕ್ಸ್ ಮಿಂಟ್' ಎಂಬ ತಳಿಯನ್ನು ಹೇಳುತ್ತೇನೆ. ವಿಂಡೋಸ್ ಬಳಸಿದವರಿಗೆ ಇದರ ಮುಖ ಪರಿಚಿತವಾಗಿ ಕಾಣುತ್ತದೆ. 2024ರಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ತಿದ್ದುಪಡಿಗಳು ಸಿಗುತ್ತವೆ. 8 ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಅದನ್ನು ಇಳಿಸಿ, ಯಂತ್ರ ಹಚ್ಚುವಾಗ ಎಫ್ 12 ಅಥವಾ ಅಂಥ ಒಂದು ಕೀಲಿಯನ್ನು ಒತ್ತಿದರೆ, ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಯುತ್ತದೆ. ಒಳಗಿನ ಡಿಸ್ಕನ್ನು ಅದು ತಾನಾಗಿ ಮುಟ್ಟುವುದಿಲ್ಲ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರು ಮಾತು ಕೇಳುತ್ತದೆಯೇ, ನೋಡಿರಿ. ಮನಸ್ಸಿಗೆ ಬಾರದಿದ್ದರೆ ಯಂತ್ರ ಆರಿಸಿ ಪೆನ್ ಡ್ರೈವ್ ಕಿತ್ತುಬಿಡಿರಿ. ಹಳೆಯದು ಹಾಗೆಯೇ ಇರುತ್ತದೆ. ಯಂತ್ರದ ನೆನಪಿನ ಶಕ್ತಿ 2 ಜಿಬಿ ಇದ್ದರೆ ಹೇಗೋ ನಡೆದೀತು, 4 ಜಿಬಿ ಇದ್ದರೆ ಆರಾಮ. ಒಳಗೆ ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆ ಖರ್ಚು ಸಾರ್ಥಕವೆಂದು ನಾನು ಖಾತ್ರಿಯಾಗಿ ಹೇಳಬಲ್ಲೆ.

ಕನ್ನಡ ಬರುತ್ತದೆಯೇ ಎಂದು ಕೇಳುವಿರಿ. ಬರುತ್ತದೆ. ಕಗಪ ಕೀಲಿಮಣೆಯ ವಿನ್ಯಾಸ ಅದರಲ್ಲಿಯೇ ಇದೆ. ಬ್ರೌಸರು, ಲೆಕ್ಕಪತ್ರದ ಲಿಬ್ರೆ ಆಫೀಸ್, ಇವುಗಳ ಮುಖವನ್ನೂ ಕನ್ನಡಕ್ಕೆ ತಿರುಗಿಸಬಹುದು. 'ಗುಬ್ಬಿ', 'ನವಿಲು' ಎಂಬ ಅಕ್ಷರಗಳನ್ನು ಕನ್ನಡಿಗರೇ ತಯಾರಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಒಂದು ತೊಡಕು ಮಾತ್ರ ಇದೆ: ಹಳೆಯ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಕಾಗದಗಳು ತೆರೆದಾಗ ಭೂತದ ಭಾಷೆಯ ಹಾಗೆ ಕಾಣುತ್ತವೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸಿಗುತ್ತವೆ. ವಿಂಡೋಸಿನಲ್ಲಿಯೇ ಉಳಿಯುವವರೂ ಈ ಕೆಲಸವನ್ನು ಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲರಿಗೂ ಲಿನಕ್ಸ್ ಹೊಂದುತ್ತದೆ ಎಂದು ಹೇಳಲಾರೆ. ಸಹಕಾರಿ ಸಂಘದಲ್ಲಿ 'ಟ್ಯಾಲಿ' ಬಳಸುವವರು ಅದನ್ನು ಇದರಲ್ಲಿ ನೇರವಾಗಿ ನಡೆಸಲಾರರು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರಗಳು ಬಹುಪಾಲು ವಿಂಡೋಸನ್ನೋ ಮೊಬೈಲನ್ನೋ ಕೇಳುತ್ತವೆ. ಕೆಲವು ಪ್ರಿಂಟರುಗಳಂತೂ ಕಳ್ಳ ಎತ್ತಿನ ಹಾಗೆ ನೊಗಕ್ಕೆ ಕುತ್ತಿಗೆ ಕೊಡುವುದೇ ಇಲ್ಲ. ಅಂಥ ಕೆಲಸದ ಯಂತ್ರಕ್ಕೆ ಕೈ ಹಚ್ಚಬೇಡಿರಿ. ಮಗಳ ಓದಿಗೆ, ಉತಾರ ನೋಡುವುದಕ್ಕೆ, ಅರ್ಜಿ ತುಂಬುವುದಕ್ಕೆ, ಮನೆಯ ಹಿಸೇಬಿಗೆ ಇರುವ ಯಂತ್ರಗಳಿಗೆ ಮಾತ್ರ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಸಿಕ್ಕಿಬಿದ್ದರೆ ಯಾರನ್ನು ಕೇಳುವುದು? ನಿಮ್ಮ ಊರಿನಿಂದ ಎಂಜಿನಿಯರಿಂಗ್ ಕಲಿಯಲು ಹೋದ ಹುಡುಗನೋ ಹುಡುಗಿಯೋ ಇದ್ದಾರಷ್ಟೆ. ಖಾನಾಪುರ ರಸ್ತೆಯ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಕಂಪ್ಯೂಟರ್ ಶಾಖೆಯಲ್ಲಿ ಓದುವ ಮಕ್ಕಳಿಗೆ ಲಿನಕ್ಸ್ ಪರಿಚಯವಿರುತ್ತದೆ. ರಜೆಗೆ ಬಂದಾಗ ಅವರಿಗೆ ಒಂದು ಹೊತ್ತು ಊಟ ಹಾಕಿ ಕೂರಿಸಿಕೊಳ್ಳಿರಿ. ಒಬ್ಬನ ಯಂತ್ರವಾದರೆ ಸಾಕು, ಅದೇ ಪೆನ್ ಡ್ರೈವ್ ಓಣಿಯನ್ನೆಲ್ಲ ತಿರುಗೀತು.

ನನ್ನ ಚೀಲದಲ್ಲಿ ಇಂದು ತಯಾರಾದ ಐದು ಪೆನ್ ಡ್ರೈವುಗಳಿವೆ. ಒಂದು ಹಳ್ಳಿಗೆ ಒಂದರಂತೆ ಕೊಡುತ್ತೇನೆ. ಯಂತ್ರವನ್ನು ಜೊತೆಗೆ ತಂದವರು ಈ ಬದಿಯ ಮೇಜಿಗೆ ಬನ್ನಿರಿ. ಮೊದಲು ನಿಮ್ಮ ಚಿತ್ರಗಳನ್ನು ತೆಗೆದಿಡೋಣ.